ನೆಲಕ್ಕೆ ನೀರು ಕುಡಿಸುವ ಆದಮ್ಮ

ಡಿಸೆಂಬರ್ ಚಳಿ. ಸೂರ್ಯ ಇನ್ನೂ ಮೇಲೆ ಬಂದಿಲ್ಲ, ಜಾಲಿಗಿಡಗಳ ಹಿಂದೆ ಆಕಾಶ ಈಗಷ್ಟೇ ಬೆಳ್ಳಗಾಗುತ್ತಿದೆ. ಐವತ್ನಾಲ್ಕು ವರ್ಷದ ಆದಮ್ಮ ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ತಲೆಗೆ ಗಂಡ ಗಾದಿಲಿಂಗನ ಹಳೇ ಮಫ್ಲರ್ ಸುತ್ತಿಕೊಂಡು, ಕಾಲುವೆ ಹೊಲ ಸೇರುವ ಬಾಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಬಾಯಿಗೆ ಅಡ್ಡವಾಗಿ ಮರಳು ತುಂಬಿದ ಏಳು ಗೋಣಿಚೀಲ ಒಟ್ಟಿದೆ. ಒಂದೊಂದರ ಸಂದಿಯಲ್ಲೂ ಕೈಯಾಡಿಸುತ್ತಾರೆ. ಎಡಗಡೆ ಮೂರನೇ ಚೀಲದ ಬುಡದಲ್ಲಿ ನೀರು ದಾರದಷ್ಟು ಸಣ್ಣಗೆ ಜಿನುಗುತ್ತಿದೆ. ಅಷ್ಟೂ ಆಗಬಾರದು. ಹಿಡಿ ಜಿಗಟು ಮಣ್ಣು ಉಂಡೆ ಮಾಡಿ, ರೊಟ್ಟಿ ತಟ್ಟಿದ ಹಾಗೆ ಅಂಗೈಯಲ್ಲಿ ತಟ್ಟಿ ಮೆತ್ತುತ್ತಾರೆ. ಜಿನುಗು ನಿಲ್ಲುತ್ತದೆ.

ವಿಚಿತ್ರ ಏನೆಂದರೆ ಆದಮ್ಮನ ಕೆಲಸ ಹೊಲಕ್ಕೆ ನೀರು ಬಿಡುವುದು. ಮೂರು ಚಳಿಗಾಲದಿಂದ ಅದನ್ನೇ ಮಾಡುತ್ತ ಬಂದಿದ್ದಾರೆ. ಆದರೆ ಕಳೆದ ಆರು ದಿನದಿಂದ ಮಾಡುತ್ತಿರುವುದು ಒಂದೇ ಒಂದು ಹನಿಯೂ ಒಳಗೆ ಹೋಗದಂತೆ ಕಾಯುವ ಕೆಲಸ. ಅದೂ ತಾವೇ ಹಾಕಿದ ಪಂಥಕ್ಕಾಗಿ.

ಬದುವಿನ ಮೇಲೆ ಲಕ್ಷ್ಮಿದೇವಿ ಬರುತ್ತಾರೆ. ಆದಮ್ಮನ ಓಣಿಯವರು, ಕಾಲುವೆ ಕೆಲಸಕ್ಕೆ ಜೊತೆಗಾರ್ತಿ, ಬಾಯಿ ಸ್ವಲ್ಪ ಜೋರು.

"ಏನ್ಬೇ, ಇಷ್ಟು ದಿನ ಬಾ ಬಾ ಅಂತಿದ್ದಿ, ಈಗ ಬಾಗ್ಲಾ ಹಾಕ್ಕೊಂಡು ಕುಂತೀದಿ. ನೀರು ಸಿಟ್ಟಾಗಿ ತವರುಮನಿಗೆ ಹೋದ್ರ ಏನ್ಮಾಡ್ತಿ?"

"ಅದರ ತವರುಮನಿ ಈ ನೆಲಾನ ಬೇ. ಎಲ್ಲಿಗೆ ಹೋಗ್ತೈತಿ" ಎನ್ನುತ್ತಾರೆ ಆದಮ್ಮ, ಕೈ ತೊಳೆಯುತ್ತ.

"ಹೂಂ ಹೂಂ. ಬಾವಿಕಟ್ಟಿ ಮ್ಯಾಲೆ ಹೆಂಗಸ್ರು ನಿನ್ನ ಮರ್ಯಾದಿ ತೊಳಿಯಾಕತ್ತಾರ, ಅದನ್ನೂ ಒಂದೀಟು ಕೇಳ್ಕೊಂಡು ಬಾ."

ಊರ ಹೆಸರು ತೊಗರಿದಿನ್ನಿ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು, ಎರಡು ಮೈಲಿ ಒಳಗೆ ನಡೆಯಬೇಕು. ಹೆಸರೇ ಹೇಳುವ ಹಾಗೆ ಊರು ದಿನ್ನೆಯ ಮೇಲಿದೆ. ತುಂಗಭದ್ರೆಯ ಕಾಲುವೆ ಊರ ಕೆಳಗೇ ಹಾದುಹೋಗುತ್ತದೆ, ಮೇಲೆ ಹತ್ತುವುದಿಲ್ಲ. ಅತ್ತ ದಢೇಸುಗೂರು, ಮುಕ್ಕುಂದದ ಕಡೆ ಕಣ್ಣು ಹಾಯುವ ತನಕ ಭತ್ತ. ಇತ್ತ ದಿನ್ನೆಯ ಮೇಲೆ ಮಸಾರಿ, ಅಂದರೆ ಕೆಂಪು ಗರಸು ಮಣ್ಣು, ಸಜ್ಜೆ, ತೊಗರಿ, ಕುರಿಹಿಂಡು.

ಊರ ಪಕ್ಕದಲ್ಲಿ ಒಂದು ನೀರಿನ ಹರಿವು ಇದೆ. ನಕಾಶೆಯಲ್ಲಿ ಅದು ಹಳ್ಳ, ಊರವರ ಬಾಯಲ್ಲಿ ಹೊಳೆ. ಮಳೆಗಾಲ ಮುಗಿದ ಮೇಲೂ, ಹೊಳೆಯ ಮೇಲ್ಗಡೆ ಊರುಗಳ ಭತ್ತದ ಗದ್ದೆಗಳಿಂದ ಬಸಿದ ನೀರು ಸೇರಿ ಅದು ತುಂಬಿ ಹರಿಯುತ್ತದೆ. ಕಾರ್ತಿಕ ಮುಗಿದಾಗಿನಿಂದ ಸಂಕ್ರಾಂತಿ ತನಕ ಸುಮಾರು ನಲವತ್ತು ದಿನ, ಆ ನೀರು ಯಾರಿಗೂ ಬೇಡ. ಮೊದಲ ಭತ್ತ ಕೊಯ್ದಾಗಿರುತ್ತದೆ, ಎರಡನೇ ಭತ್ತಕ್ಕೆ ಇನ್ನೂ ಮೋಟರ್ ಇಟ್ಟಿರುವುದಿಲ್ಲ. ಸುಮ್ಮನೆ ಹರಿದು ಹೋಗುವ ಈ ನೀರನ್ನು ಮರಳುಚೀಲದ ಒಡ್ಡು ಕಟ್ಟಿ ತಿರುಗಿಸಿ, ಸಣ್ಣ ಕಾಲುವೆಯಲ್ಲಿ ತಂದು, ಬಿತ್ತದೇ ಬಿಟ್ಟ ಮೂರು ಎಕರೆ ಮಸಾರಿ ಹೊಲಕ್ಕೆ ನುಗ್ಗಿಸಿ, ನೆಲಕ್ಕೆ ಕುಡಿಸುವುದು ಆದಮ್ಮನ ಕೆಲಸ. ಬೆಳೆಗಲ್ಲ. ನೆಲದೊಳಗೆ ಇಳಿದು ದಿನ್ನೆಯ ಕೆಳಗಿನ ಬಾವಿಗಳಿಗೆ ಬರಲಿ ಅಂತ. ಊರ ಬಾವಿ ಅಲ್ಲೇ ಇದೆ, ಅರವತ್ತು ಮನೆಗೆ ಅದೇ ಆಧಾರ. ನಲ್ಲಿ ಇದೆ, ಆದರೆ ಅದು ಎಂಟು ದಿನಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುತ್ತದೆ.

ಆದಮ್ಮ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದವರು. ಹದಿನೇಳಕ್ಕೆ ಮದುವೆಯಾಗಿ ಇಲ್ಲಿಗೆ ಬಂದರು. ಬಂದ ವರ್ಷದಿಂದಲೇ ಟ್ರ್ಯಾಕ್ಟರ್ ಟ್ರಾಲಿ ಹತ್ತಿ ಭತ್ತದ ನಾಟಿಗೆ ಹೋಗತೊಡಗಿದರು. ಮೂವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಮೊಣಕಾಲುದ್ದ ನೀರು, ಮನೆಗೆ ಬಂದರೆ ಕೊಡ ಖಾಲಿ.

"ದಿನಾ ನೀರಾಗ ನಿಂತು ಕಾಲು ಬಿಳಿಚಿಗೊಂಡಿರ್ತಿದ್ವು. ಸಂಜಿಗೆ ಮನಿಗೆ ಬಂದ್ರ ಆ ಕಾಲು ತೊಳಿಯಾಕ ನೀರಿಲ್ಲ. ನಗಬೇಕೋ ಅಳಬೇಕೋ ಹೇಳ್ರಿ."

ಒಂದು ವಿಷಯ ಮಾತ್ರ ಆದಮ್ಮ ನಗುತ್ತ ಹೇಳುವುದಿಲ್ಲ. ಆರು ವರ್ಷದ ಹಿಂದೆ ಮಗಳು ಶಿವಲಿಂಗಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದರು. ಏಪ್ರಿಲ್ ತಿಂಗಳು. ಬಾವಿ ಶಿವರಾತ್ರಿಗೇ ತಳ ಕಂಡಿತ್ತು. ಬಾಣಂತಿಗೆ ಎರೆಯುವುದಕ್ಕೆ, ಕೂಸಿನ ಬಟ್ಟೆ ಹಿಂಡುವುದಕ್ಕೆ ದಿನಕ್ಕೆ ಹತ್ತು ಕೊಡವಾದರೂ ಬೇಕು. ಒಂಬತ್ತನೇ ದಿನ ಅಳಿಯ ಬಂದು, ನಮ್ಮೂರಲ್ಲಿ ಕಾಲುವೆ ನೀರಿದೆ ಅಂತ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದರು.

"ತಪ್ಪು ಅವರ್ದಲ್ರಿ. ಆದ್ರ ತವರಿಗೆ ಬಂದ ಬಾಣಂತಿನ ನೀರಿಲ್ಲಂತ ಹೊಳ್ಳಿ ಕಳಿಸಿದ ತಾಯಿ ನಾನು. ಬಸ್ಸು ಹೋಗೋತನ ನಿಂತಿದ್ದೆ. ಮನಿಗೆ ಬರಾಕ ಕಾಲಾ ಬರ್ಲಿಲ್ಲ."

ಹಾಗಾಗಿ ಮೂರು ವರ್ಷದ ಹಿಂದೆ ಒಂದು ಸಂಸ್ಥೆಯವರು ಊರಿಗೆ ಬಂದು, ಚಳಿಗಾಲದ ನೀರನ್ನು ಹೊಲದಲ್ಲಿ ಇಂಗಿಸಿದರೆ ಬಾವಿ ಏಳುತ್ತದೆ ಅಂತ ಹೇಳಿದಾಗ, ಎಲ್ಲರೂ ಚಹಾ ಕುಡಿದು ಎದ್ದುಹೋದರೂ ಆದಮ್ಮ ಕುಳಿತೇ ಇದ್ದರು. ಉದ್ಯೋಗ ಖಾತ್ರಿ ಕೆಲಸದಲ್ಲಿ ಕಾಲುವೆ ತೋಡಿದ್ದಾಯಿತು. ಹೊಲ ಕೊಟ್ಟವರು ಎಪ್ಪತ್ತರ ಇಸ್ಮಾಯಿಲ್‌ಸಾಬ್. ಮೂರು ಚಳಿಗಾಲ ಮಾತ್ರ, ಆಮೇಲೆ ನೋಡೋಣ ಅಂತ ಶರತ್ತು. ಸಂಸ್ಥೆಯವರು ಹೋದರು. ನೀರು ನೋಡಿಕೊಳ್ಳುವ ಕೆಲಸ ಆದಮ್ಮನಿಗೆ ಉಳಿಯಿತು.

ಮೊದಲ ವರ್ಷ ಆದಮ್ಮ ಮಾಡಿದ ತಪ್ಪು ಈ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು.

ಭತ್ತ ನಾಟಿ ಮಾಡುವ ಮುಂಚೆ ಗದ್ದೆಗೆ ನೀರು ಬಿಟ್ಟು, ಟ್ರ್ಯಾಕ್ಟರ್‌ಗೆ ಕಬ್ಬಿಣದ ಗಾಲಿ ಹಾಕಿ ತುಳಿಸಿ, ಮಣ್ಣನ್ನು ಗಂಜಿಯ ಹಾಗೆ ಕಲಸುತ್ತಾರೆ. ಅದಕ್ಕೆ ಇಲ್ಲಿ ದಮ್ಮು ಹೊಡೆಯುವುದು ಅನ್ನುತ್ತಾರೆ. ಹಾಗೆ ಕಲಸಿದ ಕೆಸರು ತಳದಲ್ಲಿ ಗಟ್ಟಿ ಪದರವಾಗಿ ಕೂತು, ನೀರು ಕೆಳಗೆ ಇಳಿಯದಂತೆ ತಡೆಯುತ್ತದೆ. ಮೂವತ್ತು ವರ್ಷ ನಾಟಿ ಮಾಡಿದ ಆದಮ್ಮನಿಗೆ ಹೊಲಕ್ಕೆ ನೀರು ಬಿಡುವುದು ಅಂದರೆ ಅದೊಂದೇ ರೀತಿ. ಇಸ್ಮಾಯಿಲ್‌ಸಾಬರ ಮಗ ಅಸದ್‌ಗೆ ಹೇಳಿ ಮೂರೂ ಎಕರೆಗೆ ಚೆನ್ನಾಗಿ ದಮ್ಮು ಹೊಡೆಸಿದರು, ಹಲಗೆ ಎಳೆಸಿ ಸಮ ಮಾಡಿಸಿದರು. ನೀರು ಬಿಟ್ಟರು. ಕನ್ನಡಿ. ಬೆಳ್ಳಕ್ಕಿ ಬಂದವು, ನೋಡುವುದಕ್ಕೆ ಮಂದಿ ಬಂದರು, ಫೋಟೋ ತೆಗೆದುಕೊಂಡರು. ಇಪ್ಪತ್ತೆರಡು ದಿನ ನೀರು ನಿಂತೇ ನಿಂತಿತು. ಬಾವಿ ಮಾತ್ರ ಒಂದು ಗೇಣೂ ಏಳಲಿಲ್ಲ.

"ನಾ ಅವತ್ತಾ ಅಂದಿದ್ದೆ" ಎನ್ನುತ್ತಾರೆ ಲಕ್ಷ್ಮಿದೇವಿ, "ನೆಲದ ಬಾಯಿಗೆ ಅರಿವಿ ತುರಿಕಿ ಊಟ ಬಡಿಸಾಕತ್ತೀ ಅಂತ."

"ನೀ ಅಂದಿದ್ದು ಯುಗಾದಿ ಆದಮ್ಯಾಲೆ, ಸುಮ್ನಿರು" ಅಂತ ಆದಮ್ಮ ಅಲ್ಲೇ ತಿದ್ದುತ್ತಾರೆ.

ತಪ್ಪು ಗೊತ್ತಾಗಿದ್ದು ಹೊಲದ ಒಂದು ಮೂಲೆಯಿಂದ. ಅಲ್ಲಿ ಒಂದು ಹಳೆಯ ಬೇವಿನ ಮರ, ಅದರ ಬುಡದ ಸುತ್ತ ಟ್ರ್ಯಾಕ್ಟರ್ ತಿರುಗುವುದಕ್ಕೆ ಆಗಿರಲಿಲ್ಲ. ಎಲ್ಲ ಕಡೆ ನೀರು ಸುಮ್ಮನಿದ್ದರೆ ಆ ಮೂಲೆಯಲ್ಲಿ ಮಾತ್ರ ಗುಳ್ಳೆ ಏಳುತ್ತಿತ್ತು. ಬಿದ್ದ ಬೇವಿನೆಲೆಗಳು ನಿಧಾನಕ್ಕೆ ಅತ್ತಲೇ ಸರಿಯುತ್ತಿದ್ದವು. ಆದಮ್ಮ ಎರಡು ದಿನ ಆ ಎಲೆಗಳನ್ನೇ ನೋಡುತ್ತ ಕುಳಿತರು. ಮೂರನೇ ದಿನ ಅರ್ಥವಾಯಿತು.

"ನೀರು ನಿಂದ್ರಸೋ ವಿದ್ಯಾ ನನಗ ಬರೋಬ್ಬರಿ ಗೊತ್ತಿತ್ರಿ. ನೀರು ಕಳಕೊಳ್ಳೋ ವಿದ್ಯಾ ಗೊತ್ತಿರ್ಲಿಲ್ಲ. ಇದು ಉಲ್ಟಾ ಕೆಲಸ. ಮುಂಜಾನೆ ಬಂದು ನೋಡಿದ್ರ ಹೊಲ ಖಾಲಿ ಇರ್ಬೇಕು, ಅವತ್ತು ನಾ ಗೆದ್ದಂಗ."

ಎರಡನೇ ವರ್ಷ ಒಣ ಹೊಲಕ್ಕೆ ಇಳಿಜಾರಿಗೆ ಅಡ್ಡವಾಗಿ ರಂಟೆ, ಅಂದರೆ ನೇಗಿಲು, ಆಳವಾಗಿ ಹೊಡೆಸಿ ಆ ಪದರ ಒಡೆಸಿದರು. ಎದ್ದ ಮಣ್ಣಿನ ಹೆಂಟೆಗಳನ್ನು ಹಾಗೇ ಬಿಟ್ಟರು. ಹೊಳೆಯ ರಾಡಿ ನೀರು ನೇರ ಹೊಲಕ್ಕೆ ಬಂದರೆ ಸಣ್ಣ ಮಣ್ಣು ಕೂತು ಮತ್ತೆ ಬಾಯಿ ಮುಚ್ಚುತ್ತದೆ ಅಂತ, ಮೊದಲು ಒಂದು ಹೊಂಡದಲ್ಲಿ ತಂಗಿಸಿ, ತಿಳಿಯಾದ ಮೇಲಿನ ನೀರನ್ನಷ್ಟೇ ಒಳಗೆ ಬಿಟ್ಟರು. ಮೂರು ದಿನ ನೀರು, ಎರಡು ದಿನ ಒಣಗು. ಒಣಗಿದ ದಿನ ಕುಂಟೆ ಹೊಡೆಸಿ ಮೇಲೆ ಹೆಪ್ಪುಗಟ್ಟಿದ ಪದರ ಮುರಿಯುವುದು. ಇದನ್ನೆಲ್ಲ ಯಾರೂ ಕಾಗದದಲ್ಲಿ ಬರೆದುಕೊಟ್ಟಿದ್ದಲ್ಲ.

ಆದಮ್ಮನ ದಿನ ಶುರುವಾಗುವುದು ನಾಲ್ಕೂವರೆಗೆ. ಹೊಳೆಯ ಒಡ್ಡಿನಿಂದ ಹೊಲದ ಬಾಯಿಗೆ ಸಾವಿರದ ಇನ್ನೂರು ಹೆಜ್ಜೆ. ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಾರೆ, ಏಡಿ ಕೊರೆದ ತೂತು, ಕುರಿ ತುಳಿದ ದಂಡೆ, ಅಡ್ಡ ಬಿದ್ದ ಮುಳ್ಳುಕಂಟಿ ನೋಡಿಕೊಳ್ಳುತ್ತ. ಹೊಲದ ನಡುವೆ ಒಂದು ಗೂಟ. ಸಂಜೆ ನೀರು ನಿಲ್ಲಿಸಿ ಗೂಟಕ್ಕೆ ಸುಣ್ಣದ ಗೆರೆ ಎಳೆಯುತ್ತಾರೆ, ಮುಂಜಾನೆ ಎಷ್ಟು ಬೆರಳು ಇಳಿದಿದೆ ಅಂತ ಅಳೆಯುತ್ತಾರೆ. ಈ ವರ್ಷ ರಾತ್ರಿಗೆ ಐದು ಬೆರಳು. ಕೇಳುವುದಕ್ಕೆ ಸಣ್ಣದು. ಲೆಕ್ಕ ಹಾಕಿ ನೋಡಿದರೆ ಮೂರು ಎಕರೆಯಲ್ಲಿ ಐದು ಬೆರಳು ಅಂದರೆ ಹೆಚ್ಚುಕಡಿಮೆ ಇನ್ನೂರು ಟ್ಯಾಂಕರ್ ನೀರು. ಒಂದೇ ರಾತ್ರಿಗೆ. ಶಿವರಾತ್ರಿಗೇ ಬತ್ತುತ್ತಿದ್ದ ಊರ ಬಾವಿಯಲ್ಲಿ ಕಳೆದ ಬೇಸಿಗೆ ಬಸವ ಜಯಂತಿ ಕಳೆದ ಮೇಲೂ ಎರಡಾಳು ನೀರಿತ್ತು.

ಆದರೆ ಅದು ಆದಮ್ಮನ ನೀರು ಅಂತ ಯಾರು ನಂಬಬೇಕು?

ಅಸದ್ ನಂಬಿರಲಿಲ್ಲ. ಮೂವತ್ತೆರಡರ ಅಸದ್ ಒಳ್ಳೆಯ ದುಡಿಮೆಗಾರ. ಸುತ್ತಲಿನ ಎಲ್ಲರೂ ಎರಡು ಬೆಳೆ ಭತ್ತ ಬೆಳೆಯುವಾಗ ತಮ್ಮ ಹೊಲ ಮಾತ್ರ ಚಳಿಗಾಲದಲ್ಲಿ ನೀರು ನುಂಗಿಕೊಂಡು ಬಿದ್ದಿರುವುದು ಅವರಿಗೆ ಸಂಕಟ. ಮೂರನೇ ಚಳಿಗಾಲ ಬಂತು, ಅಪ್ಪನ ಮಾತೂ ಮುಗಿಯುತ್ತ ಬಂತು. ಈ ತಿಂಗಳ ಮೊದಲ ವಾರ ಅವರು ಹದಿನೈದು ಟ್ರಾಲಿ ಕಪ್ಪು ಎರೆಮಣ್ಣು ತಂದು ಹೊಲದ ಅಂಚಿಗೆ ಗುಡ್ಡೆ ಹಾಕಿದರು. ಆ ಮಣ್ಣು ಹರಡಿ, ದಮ್ಮು ಹೊಡೆದು, ಹೊಳೆಗೆ ಮೋಟರ್ ಇಟ್ಟು ಭತ್ತದ ಗದ್ದೆ ಮಾಡುವುದು ಅವರ ಲೆಕ್ಕ. ಎರೆಮಣ್ಣು ಒಮ್ಮೆ ಹರಡಿದರೆ ಆ ನೆಲ ಮತ್ತೆ ಕುಡಿಯುವುದಿಲ್ಲ.

ಆದಮ್ಮ ಗುಡ್ಡೆ ನೋಡಿದ ದಿನ ನಡೆದ ಮಾತನ್ನು ಊರೆಲ್ಲ ಬಾಯಿಪಾಠ ಮಾಡಿಕೊಂಡಿದೆ.

"ಆದಮ್ಮಕ್ಕಾ, ಸಿಟ್ಟಾಗಬ್ಯಾಡ" ಅಂದರಂತೆ ಅಸದ್. "ಹೋದ ವರ್ಷ ಮಳಿ ಚಲೋ ಆಗಿತ್ತು, ಬಾವಿ ತುಂಬಿದ್ವು. ನಿನ್ನ ಗೂಟ ತುಂಬಿಸಿದ್ದಲ್ಲ."

"ಹಂಗಂತೀಯೇನು?"

"ಹಂಗಾ ಅಂತೀನಿ."

"ಹಂಗಾದ್ರ ಇವತ್ತಾ ನೀರು ಬಂದ್ ಮಾಡ್ತೀನಿ. ಎಂಟು ದಿನ. ತೆಳಗ ನಿನ್ನ ಮೆಣಸಿನಕಾಯಿ ಹೊಲದ ಬಾವಿ ಐತೆಲ್ಲ, ಅದು ಏನಂತೈತಿ ನೋಡು. ಅದು ಸುಮ್ನಿತ್ತಂದ್ರ ನೀ ದಮ್ಮು ಹೊಡಿ. ನಾಟಿಗೆ ಮೊದಲನೇ ಸಾಲಿಗೆ ನಾನಾ ಬಂದು ನಿಂದ್ರತೀನಿ."

ಕಟ್ಟೆಯ ಮೇಲೆ ಕುಳಿತಿದ್ದ ಇಸ್ಮಾಯಿಲ್‌ಸಾಬ್ ಇಬ್ಬರನ್ನೂ ನೋಡಿದರು. "ಎಂಟು ದಿನ ಅಂದ್ರ ಎಂಟು ದಿನ. ನಡುವ ಯಾರೂ ತಕರಾರು ತೆಗಿಬಾರ್ದು" ಅಂದರು.

ನಲವತ್ತು ದಿನದಲ್ಲಿ ಎಂಟು ದಿನ. ಒಣಗಿನ ದಿನ ಕಳೆದರೂ ಸಾವಿರ ಟ್ಯಾಂಕರ್ ನೀರು ಹೊಳೆಯಲ್ಲಿ ಹಾಗೇ ಹರಿದುಹೋಗಲಿ ಅಂತ ಬಿಟ್ಟುಕೊಟ್ಟ ಹಾಗೆ. ಬಾವಿಕಟ್ಟೆಯಲ್ಲಿ ಹೆಂಗಸರು ಆದಮ್ಮನ ಜೊತೆ ಮಾತು ಬಿಟ್ಟರು. ಒಬ್ಬರಂತೂ, "ಬ್ಯಾಸಗ್ಯಾಗ ಕೊಡ ತಗೊಂಡು ನಿಮ್ಮನಿ ಮುಂದ ಬರ್ತೀವಿ ತಾಯಿ, ಆವಾಗ ಕೊಡು" ಅಂದರು. ಆದಮ್ಮ ಕೊಡ ತುಂಬಿಕೊಂಡು ಮನೆಗೆ ನಡೆದರು.

"ಅವರು ಅಂದಿದ್ದು ಖರೇನ ಐತಿ. ಬಾವಿ ಇಳದ್ರ ಹೊಲ ಉಳಿತೈತಿ. ಬಾವಿ ಇಳಿಲಿಲ್ಲಂದ್ರ ಹೊಲಾನೂ ಹೋತು, ನನ್ನ ಮೂರು ವರ್ಷಾನೂ ಸುಳ್ಳಾದ್ವು. ಬಾವಿ ಇಳಿಲಿ ದೇವ್ರೇ ಅಂತ ಬೇಡ್ಕೊಳ್ಳೋ ಹೆಂಗಸು ಈ ಸೀಮ್ಯಾಗ ನಾ ಒಬ್ಬಾಕೇನ ಇರ್ಬೇಕು."

ಇವತ್ತಿಗೆ ಆರು ದಿನ. ಬಿಸಿಲು ಬದುವಿನ ಮೇಲೆ ಬರುತ್ತಿದೆ. ಆದಮ್ಮ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಲಕ್ಷ್ಮಿದೇವಿಯ ಕೈಗೂ ಹಾಕುತ್ತಾರೆ. ಅಷ್ಟರಲ್ಲಿ ಹೊಲದ ದಾರಿಯಲ್ಲಿ ಬೈಕ್ ಸದ್ದು. ಮುಂದೆ ಅಸದ್, ಹಿಂದೆ ಶಾಲು ಹೊದ್ದ ಇಸ್ಮಾಯಿಲ್‌ಸಾಬ್. ಅಸದ್ ಬೈಕ್ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, ಬದುವಿಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಸೀದಾ ಗೋಣಿಚೀಲಗಳ ಕಡೆ ನಡೆಯುತ್ತಾರೆ.

ಆದಮ್ಮ ರೊಟ್ಟಿ ಕೆಳಗಿಟ್ಟು ಎದ್ದು ಅಡ್ಡ ನಿಲ್ಲುತ್ತಾರೆ. "ಇನ್ನೂ ಎರಡು ದಿನ ಐತಿ."

"ಅಕ್ಕಾ, ಬಾವಿ ಮೂರು ಮೆಟ್ಲ ಇಳದೈತಿ. ಪೈಪಿನ ಬಾಯಿ ಬಯಲಿಗೆ ಬಂದೈತಿ. ನಿನ್ನೆ ಮುಕ್ಕಾಲು ತಾಸಿಗೆ ಮೋಟರ್ ಗಾಳಿ ಕುಡಿಯಾಕತ್ತು. ಮೆಕ್ಯಾನಿಕ್‌ನ ಕರಿಸಿ ತೋರಿಸಿದೆ. ಮೋಟರ್‌ಗೇನೂ ಆಗಿಲ್ಲ, ನೀರಿಲ್ಲ ಅಷ್ಟ ಅಂದ."

"ಮಳಿ ಚಲೋ ಆಗೇತಿ ಅಂದಿದ್ದಿ."

ಇಸ್ಮಾಯಿಲ್‌ಸಾಬ್ ನಗುತ್ತಾರೆ. "ಬೇಟಿ, ಹುಡುಗನ ಮ್ಯಾಲಿನ ಸಿಟ್ಟು ಗಿಡದ ಮ್ಯಾಲೆ ತೆಗಿಬ್ಯಾಡ. ಮೆಣಸಿನಗಿಡ ಬಾಡಾಕತ್ತಾವ."

"ಮಾತಂದ್ರ ಮಾತು, ಮಾಮಾ. ಆದಮ್ಮ ಆರು ದಿನಕ್ಕ ಮುರಿದ್ಲು ಅಂತ ನಾಳಿ ಇವನಾ ಅಂತಾನ."

"ಅನ್ನಂಗಿಲ್ಲ" ಎನ್ನುತ್ತಾರೆ ಅಸದ್.

"ಎಷ್ಟು ಚಳಿಗಾಲ ಅನ್ನಂಗಿಲ್ಲ?"

ಲಕ್ಷ್ಮಿದೇವಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ಅಸದ್ ಹೊಲದ ಅಂಚಿನ ಕಪ್ಪು ಗುಡ್ಡೆಯನ್ನು ಒಮ್ಮೆ ನೋಡುತ್ತಾರೆ, ಸಲಿಕೆಯ ಹಿಡಿಕೆಯಿಂದ ನೆಲವನ್ನು ಒಮ್ಮೆ ಕುಟ್ಟುತ್ತಾರೆ. "ಮಣ್ಣು ತೆಳಗಿನ ಹೊಲಕ್ಕ ಒಯ್ತೀನಿ. ಭತ್ತ ಅಲ್ಲಿ ಮಾಡ್ಕೋತೀನಿ. ಈ ಮೂರು ಎಕರೆ, ನಾ ಒಕ್ಕಲುತನ ಮಾಡೋತನ, ಚಳಿಗಾಲಕ್ಕ ನಿನ್ನ ಸುಪರ್ದಿಗೆ. ಆತಾ?"

"ರಂಟಿ?"

"ನಾನಾ ಹೊಡಿತೀನಿ. ಇಳಿಜಾರಿಗೆ ಅಡ್ಡ. ಗೊತ್ತೈತಿ."

ಆದಮ್ಮ ಇಸ್ಮಾಯಿಲ್‌ಸಾಬರ ಕಡೆ ತಿರುಗುತ್ತಾರೆ. ಮುದುಕರು ತಲೆಯಾಡಿಸುತ್ತಾರೆ. ಆಗಲೇ ಆದಮ್ಮ ದಾರಿ ಬಿಡುವುದು. ಅಸದ್ ಸಲಿಕೆ ಎತ್ತಿದರೆ, "ಸಲಿಕಿ ಬ್ಯಾಡ, ಚೀಲ ಹರಿತಾವ" ಅಂತ ತಡೆದು, ತಾವೇ ಕಾಲುವೆಗೆ ಇಳಿದು ಕೈಯಿಂದ ಒಂದೊಂದೇ ಚೀಲ ಎಳೆದು ದಂಡೆಗೆ ಹಾಕುತ್ತಾರೆ. ನಾಲ್ಕನೇ ಚೀಲಕ್ಕೆ ಉಳಿದ ಮೂರನ್ನು ನೀರೇ ತಳ್ಳಿಬಿಡುತ್ತದೆ. ಆರು ದಿನದಿಂದ ಒಣಗಿದ ಹೆಂಟೆಗಳ ನಡುವೆ ನೀರು ನುಗ್ಗಿದಂತೆ ಚುಂಯ್ ಅಂತ ಸದ್ದು, ಸಾಲು ಸಾಲಾಗಿ ಗುಳ್ಳೆ. ಅಸದ್ ಸ್ವಲ್ಪ ಹೊತ್ತು ಬಗ್ಗಿ ನೋಡುತ್ತ ನಿಲ್ಲುತ್ತಾರೆ. ಈ ಸದ್ದು ಅವರು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲವಂತೆ.

ಬೈಕ್ ಹೋದ ಮೇಲೆ ಲಕ್ಷ್ಮಿದೇವಿಯೂ ಏಳುತ್ತಾರೆ, ಬಾವಿಕಟ್ಟೆಗೆ ಮೊದಲು ಸುದ್ದಿ ಮುಟ್ಟಿಸುವ ಅವಸರ. ಆದಮ್ಮ ಉಳಿದ ಅರ್ಧ ರೊಟ್ಟಿ ಕೈಗೆತ್ತಿಕೊಂಡು ಬದುವಿನ ಮೇಲೆ ಕೂರುತ್ತಾರೆ. ಹೊಲ ಉಳಿಯಿತು, ಇನ್ನೇನಾದರೂ ಆಸೆ ಇದೆಯಾ ಅಂತ ಕೇಳಿದರೆ, ಬಾಯಲ್ಲಿದ್ದ ತುತ್ತು ನುಂಗುವ ತನಕ ಯೋಚಿಸುತ್ತಾರೆ.

"ಒಂದೈತ್ರಿ. ಈ ನೀರು ತೆಳಗ ಇಳದು ಎಲ್ಲೆಲ್ಲಿ ಹಾದು ಆ ಬಾವಿಗೆ ಹೋಗ್ತೈತಿ ಅಂತ, ಒಂದು ಸಲ ಅದರ ಜೋಡಿ ನಡಕೊಂಡು ಹೋಗಿ ನೋಡ್ಬೇಕು ಅನಸ್ತೈತಿ. ಅಲ್ಲೂ ಮತ್ತ ಯಾರಾರ ಬದು ಹಾಕ್ಕೊಂಡು ಕುಂತಾರೇನು ಅಂತ."